ಹಲ್ಲು ಕೀಳುವ ಮೊದಲು ಮಾತ್ರೆ ಯಾವುದೆಂದು ಕೇಳಿ

ಮಾನ್ಯ ಸಂಪಾದಕರೇ,

ಸಮುದಾಯ ಭವನದ ಉಚಿತ ದಂತ ಶಿಬಿರದ ವರದಿ ಓದಿ ಸಿಟ್ಟು ಬಂತು. ‘ಹೆಂಗಸರು ಸರಿಯಾಗಿ ಹಲ್ಲುಜ್ಜುವುದಿಲ್ಲ’ ಎಂದು ವೇದಿಕೆಯಲ್ಲಿ ಗದರಿಸಿದ್ದೇ ತಲೆಬರಹವಾಗಿದೆ. ಚೀಟಿಯಲ್ಲಿ ಹೆಸರು, ವಯಸ್ಸು, ವಾರ್ಡ್, ಮೊಬೈಲ್ ನಂಬರ್ ಎಲ್ಲ ಬರೆಸಿಕೊಂಡರು. ಯಾವ ಮಾತ್ರೆ ನುಂಗುತ್ತೀರಿ ಎಂದು ಒಬ್ಬರನ್ನೂ ಕೇಳಲಿಲ್ಲ.

ಬಿಪಿಗೆ ಕೊಡುವ ಆಮ್ಲೋಡಿಪಿನ್ ಕೆಲವರ ವಸಡನ್ನು ಉಬ್ಬಿಸುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಿಂದ ಇದು ಇನ್ನೂ ಹೆಚ್ಚು. ಪಾಚಿ ಕೂತಷ್ಟೂ ವಸಡು ಉಬ್ಬುತ್ತದೆ, ಉಬ್ಬಿದಷ್ಟೂ ಬ್ರಷ್ ಸಂದಿಗೆ ಹೋಗುವುದಿಲ್ಲ. ಕ್ಲೀನಿಂಗ್ ಮಾಡಿಸಿ, ವೈದ್ಯರನ್ನು ಕೇಳಿ ಬೇರೆ ಮಾತ್ರೆಗೆ ಬದಲಾದರೆ ಬಹಳ ಮಟ್ಟಿಗೆ ಇಳಿಯುತ್ತದೆ. ಬಿಪಿ ಮಾತ್ರೆಯನ್ನು ತಾವಾಗಿ ಬಿಡಬಾರದು. ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ನೆಗಡಿಯ ಕ್ಲೋರ್‌ಫೆನಿರಮಿನ್ ಜೊಲ್ಲು ಬತ್ತಿಸುತ್ತವೆ. ಮುಟ್ಟು ನಿಂತ ಮೇಲೆ ಎಷ್ಟೋ ಜನರಿಗೆ ಬಾಯಿ ಮೊದಲೇ ಒಣಗಿರುತ್ತದೆ. ಜೊಲ್ಲು ಕಡಿಮೆಯಾದರೆ ಹುಳುಕು ವಸಡಿನ ಅಂಚಿಗೆ, ಹಲ್ಲಿನ ಬುಡಕ್ಕೇ ಹತ್ತುತ್ತದೆ. ಬಾಯಿ ಒಣಗಿತೆಂದು ಪೆಪ್ಪರ್‌ಮೆಂಟ್ ಚೀಪಿದರೆ ಇನ್ನೂ ಬೇಗ. ಇದನ್ನೆಲ್ಲ ಸೋಮಾರಿತನ ಎನ್ನುವುದು ಅನ್ಯಾಯ.

ನಮ್ಮ ಭಯ ಶಿಬಿರದಲ್ಲಿ ಹಲ್ಲು ಕೀಳಿಸಿಕೊಂಡವರ ಬಗ್ಗೆ. ಮೂಳೆ ಸವೆತಕ್ಕೆ ವಾರಕ್ಕೊಂದು 70 ಮಿ.ಗ್ರಾಂ. ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ 5 ಮಿ.ಗ್ರಾಂ. ಜೋಲೆಡ್ರೊನಿಕ್ ಆಸಿಡ್ ತೆಗೆದುಕೊಳ್ಳುವವರಲ್ಲಿ ಹೆಂಗಸರೇ ಹೆಚ್ಚು. ಮೂಳೆ ಕರಗದಂತೆ ತಡೆಯುವುದು ಈ ಔಷಧಿಗಳ ಕೆಲಸ. ಆದರೆ ಹಲ್ಲು ಕಿತ್ತ ಗುಳಿ ತುಂಬಬೇಕಾದರೆ ಹಳೆಯ ಮೂಳೆ ಕರಗಿ ಹೊಸದು ಕೂಡಬೇಕು. ಅದು ನಿಂತುಹೋದರೆ, ಅಪರೂಪಕ್ಕಾದರೂ, ದವಡೆ ಮೂಳೆ ಬಯಲಾಗಿ 8 ವಾರ ಕಳೆದರೂ ಮುಚ್ಚದೆ ಕೊಳೆಯುತ್ತದೆ. ಮಾತ್ರೆ ಶುರುವಾಗಿ ನಾಲ್ಕು ವರ್ಷ ದಾಟಿದವರಲ್ಲಿ ಅಪಾಯ ಜಾಸ್ತಿ. ಮೂಳೆಗೆ ಹರಡಿದ ಕ್ಯಾನ್ಸರ್‌ಗೆ ತಿಂಗಳು ತಿಂಗಳು ಡ್ರಿಪ್ ಹಾಕಿಸಿಕೊಂಡವರಲ್ಲಿ ಹಲವು ಪಟ್ಟು. ಔಷಧಿ ಶುರುಮಾಡುವ ಮೊದಲೇ ಕೆಟ್ಟ ಹಲ್ಲು ತೆಗೆಸಿ ಗಾಯ ಮಾಗಿಸಬೇಕು. ಶುರುವಾಗಿದ್ದರೆ, ಉಳಿಸಬಹುದಾದ ಹಲ್ಲಿಗೆ ರೂಟ್ ಕೆನಾಲ್ ಮಾಡಿ ಉಳಿಸಬೇಕು. ಮೂರು ಗಂಟೆಯ ಶಿಬಿರದಲ್ಲಿ ಸಾಲಾಗಿ ಕೂರಿಸಿ ಕೀಳುವುದಲ್ಲ.

ಸೋಮವಾರದಿಂದ ಹಲ್ಲು ಕೀಳಿಸಿಕೊಂಡವರೆಲ್ಲ ನಮ್ಮ ಬಳಿ ಬರುತ್ತಿದ್ದಾರೆ. ಕೈಯಲ್ಲಿ ಚೀಟಿಯ ಪ್ರತಿ ಇಲ್ಲ, ಯಾವ ಹಲ್ಲು ಏಕೆ ಕಿತ್ತರೆಂಬ ದಾಖಲೆ ಇಲ್ಲ. ಮಕ್ಕಳಿಗೆ ಫೋನ್ ಮಾಡಿ ಮನೆಯ ಮಾತ್ರೆ ಪಟ್ಟಿಯ ಫೋಟೊ ತರಿಸಿಕೊಳ್ಳುವುದೇ ನಮ್ಮ ದಿನಚರಿಯಾಗಿದೆ. ಎಷ್ಟೋ ಮನೆಯಲ್ಲಿ ಪಟ್ಟಿಯೂ ಇಲ್ಲ. ಆರೋಗ್ಯ ಕೇಂದ್ರದಲ್ಲಿ ಮಾತ್ರೆಯ ಸ್ಟ್ರಿಪ್ ಕತ್ತರಿಸಿ ಹೆಸರಿಲ್ಲದ ಕವರ್‌ಗೆ ಹಾಕಿ ಕೊಟ್ಟರೆ, ‘ಬಿಳಿದು, ಸಣ್ಣದು’ ಎನ್ನದೆ ಆ ತಾಯಂದಿರು ಇನ್ನೇನು ಹೇಳಬೇಕು? ತಾಲ್ಲೂಕು ಆಸ್ಪತ್ರೆಯ ಡೆಂಟಲ್ ಚೇರ್‌ನಲ್ಲಿ ಹಲ್ಲು ಕೊರೆಯುವ ಡ್ರಿಲ್‌ಗೆ ಗಾಳಿ ಕೊಡುವ ಕಂಪ್ರೆಸರ್ ಕೆಟ್ಟು ಎಷ್ಟು ಕಾಲವಾಯಿತು? ಕೊಟ್ಟ ಅರ್ಜಿಗಳೆಲ್ಲ ಎಲ್ಲಿ ಹೋದವು? ರಿಪೇರಿಗೆ ದುಡ್ಡಿಲ್ಲ, ಶಾಮಿಯಾನ ಹಾರಗಳಿಗೆ ಇದೆ.

ಶಿಬಿರದ ಚೀಟಿಯಲ್ಲಿ ಮಾತ್ರೆಗಳಿಗೊಂದು ಸಾಲು ಬಿಡಿ. ಕವರ್ ಮೇಲೆ ಮಾತ್ರೆ ಹೆಸರು ಬರೆಯಿರಿ. ಕಂಪ್ರೆಸರ್ ರಿಪೇರಿ ಮಾಡಿಸಿ. ಇಷ್ಟೂ ಆಗದಿದ್ದರೆ ಶಿಬಿರ ಮಾಡಬೇಡಿ, ಹೆಂಗಸರನ್ನು ಬೈಯಲೂ ಬೇಡಿ.

ಇಂತಿ,
ಊರಿನ ಕೆಲವು ದಂತವೈದ್ಯರು ಮತ್ತು ಔಷಧಿ ಅಂಗಡಿಯವರು