ರಗಸದಅ ಕಲಿಸಿದ ಮೇಡಂ

ಮಾನ್ಯರೇ,

ನಮ್ಮೂರ ಸರ್ಕಾರಿ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದ ಮೇಡಂ ಇತ್ತೀಚೆಗೆ ತೀರಿಕೊಂಡರು. ಆಟ, ಹಾಡು, ಕಾರ್ಡುಗಳ ಮೂಲಕ ಪ್ರತಿ ಮಗು ತನ್ನ ವೇಗದಲ್ಲೇ ಕಲಿಯುವ ನಲಿ-ಕಲಿ ಪದ್ಧತಿ 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ ಆರಂಭವಾಯಿತು. ಅದನ್ನು ಮನಸಾರೆ ಒಪ್ಪಿಕೊಂಡ ಶಿಕ್ಷಕಿಯರಲ್ಲಿ ಅವರೂ ಒಬ್ಬರು.

ಅದರಲ್ಲಿ ಅಕ್ಷರ ಕಲಿಕೆ ಶುರುವಾಗುವುದೇ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ. ಆಗ ಊರವರಿಗೆಲ್ಲ ಅನುಮಾನ. ‘ಅ ಆ ಇ ಈ ಬಿಟ್ಟು ಇದೇನು ಮೇಡಂ ರ ಗ ಸ ದ ಅ?’ ಎಂದು ಕೇಳಲು ಬಂದ ಅಪ್ಪಂದಿರನ್ನು ಅವರು ಕೂರಿಸಿಕೊಂಡು, ಗೋಡೆಯ ಕೆಳಭಾಗದ ಕಪ್ಪುಹಲಗೆಯ ಮುಂದೆ ನಮ್ಮನ್ನು ನಿಲ್ಲಿಸುತ್ತಿದ್ದರು. ಕಲಿತದ್ದು ಐದೇ ಅಕ್ಷರ. ಅಷ್ಟರಲ್ಲೇ ದಸರ, ಅರಸ, ಗರಗಸ ಎಂದು ಬರೆದು ತೋರಿಸುತ್ತಿದ್ದೆವು. ಮಗಳು ಬರೆದ ‘ಅರಸ’ವನ್ನು ಓದಲಾಗದ ನಮ್ಮಪ್ಪ, ನನ್ನಿಂದಲೇ ಓದಿಸಿ ಕೇಳಿಸಿಕೊಂಡರು. ಹಿಂದುಳಿದವರನ್ನು ಮೇಡಂ ಯಾರ ಮುಂದೆಯೂ ಹೀಯಾಳಿಸಲಿಲ್ಲ. ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ ಯಾರು ಯಾವ ಮೆಟ್ಟಿಲಲ್ಲಿದ್ದರೋ ಅಲ್ಲಿಗೇ ಬಂದು, ನೆಲದ ಮೇಲೆ ಪಕ್ಕದಲ್ಲಿ ಕೂರುತ್ತಿದ್ದರು. ಹೊಡೆದದ್ದಂತೂ ನೆನಪಿಲ್ಲ.

ಹಳೆಯ ಮದುವೆ ಕರೆಯೋಲೆ, ಬೆಂಕಿಪೊಟ್ಟಣದ ಚಿತ್ರಗಳನ್ನು ರಟ್ಟಿಗೆ ಅಂಟಿಸಿ ಅವರು ಮಾಡಿದ ಕಲಿಕಾ ಕಾರ್ಡುಗಳು ಅವರ ಮನೆಯಲ್ಲಿ ಇನ್ನೂ ಇವೆ. ನಂತರ ನಲಿ-ಕಲಿ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಹೋಯಿತು, ಅಚ್ಚಾದ ಕಾರ್ಡುಗಳೂ ಬಂದವು. ಆದರೆ ಆ ಮೊದಲ ತಲೆಮಾರಿನ ಶಿಕ್ಷಕ-ಶಿಕ್ಷಕಿಯರ ಕೈಬರಹದ ಕಾರ್ಡುಗಳು ಅವರೊಂದಿಗೇ ಕಳೆದುಹೋಗುತ್ತಿವೆ. ಶಿಕ್ಷಣ ಇಲಾಖೆ ಅವನ್ನು ಸಂಗ್ರಹಿಸಿ, ತಾಲ್ಲೂಕು ಕೇಂದ್ರದಲ್ಲಿ ಒಂದು ಕೊಠಡಿಯಲ್ಲಾದರೂ ಮಾಡಿದವರ ಹೆಸರಿನ ಸಮೇತ ಇಡಲಿ. ನಮ್ಮ ಮೇಡಂ ಮನೆಯವರು ಕೊಡಲು ಸಿದ್ಧರಿದ್ದಾರೆ.

– ಹಳೆಯ ವಿದ್ಯಾರ್ಥಿನಿ, ಎಚ್‌.ಡಿ. ಕೋಟೆ ತಾಲ್ಲೂಕು