ಓಪನ್ ಜಿಮ್‌ಗಳಲ್ಲಿ ಸರದಿಯ ಶಿಸ್ತು ಬೇಕು

ಮಾನ್ಯ ಸಂಪಾದಕರೇ,

ಮೈಸೂರಿನ ಬಡಾವಣೆಗಳ ಉದ್ಯಾನಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಬಂದಿರುವ ಓಪನ್ ಜಿಮ್‌ಗಳು ನಿಜಕ್ಕೂ ಜನರಿಗೆ ಉಪಕಾರಿಯಾಗಿವೆ. ಖಾಸಗಿ ಜಿಮ್‌ಗೆ ತಿಂಗಳ ಶುಲ್ಕ ಕಟ್ಟಲಾಗದ ಗಾರ್ಮೆಂಟ್ಸ್ ನೌಕರರು, ಮನೆಗೆಲಸಕ್ಕೆ ಹೋಗುವ ಮಹಿಳೆಯರು, ಪಿಂಚಣಿದಾರರು, ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆ ತಯಾರಾಗುತ್ತಿರುವ ಹುಡುಗರು ಎಲ್ಲರೂ ಅಲ್ಲಿಗೆ ಬರುತ್ತಾರೆ. ಆದರೆ ಎಲ್ಲರೂ ಬರುವುದು ಬೆಳಿಗ್ಗೆ ಆರರಿಂದ ಏಳೂವರೆಯ ನಡುವೆ. ಇರುವ ನಾಲ್ಕಾರು ಉಪಕರಣಗಳು ಆ ಹೊತ್ತಿನಲ್ಲಿ ಎಲ್ಲರಿಗೂ ಒದಗಬೇಕಾದರೆ ಸರದಿಯ ಶಿಸ್ತು ಬೇಕೇ ಬೇಕು. ಅದು ದಿನೇ ದಿನೇ ಕಡಿಮೆಯಾಗುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಲೆಗ್ ಪ್ರೆಸ್‌ನ ಆಸನದಲ್ಲಿ ಕುಳಿತು, ಕಾಲು ಚಾಚಿ, ಹತ್ತು ಹದಿನೈದು ನಿಮಿಷ ಮೊಬೈಲ್ ನೋಡುವವರು ಪ್ರತಿ ಉದ್ಯಾನದಲ್ಲೂ ಸಿಗುತ್ತಾರೆ. ಪಕ್ಕದಲ್ಲಿ ಊಟದ ಡಬ್ಬಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಕಾರ್ಖಾನೆಯ ಬಸ್ಸು ಬರುವುದರೊಳಗೆ ಒಂದಿಷ್ಟು ವ್ಯಾಯಾಮ ಮುಗಿಸಬೇಕೆಂದು ನಿಂತಿರುವ ಹೆಣ್ಣುಮಗಳು ಅವರ ಕಣ್ಣಿಗೆ ಬೀಳುವುದಿಲ್ಲ. ಆಕೆ ಸ್ವಲ್ಪ ಹೊತ್ತು ಕಾದು, ಏನೂ ಹೇಳದೆ ಹೊರಟುಹೋಗುತ್ತಾಳೆ. ಒಂದು ಸೆಟ್, ಅಂದರೆ ಬಿಡದೆ ಮಾಡುವ ಒಂದು ಸುತ್ತಿನ ವ್ಯಾಯಾಮ, ಮುಗಿದ ಮೇಲೆ ಒಂದರಿಂದ ಮೂರು ನಿಮಿಷ ವಿಶ್ರಾಂತಿ ಬೇಕೆಂಬುದು ಸರಿಯೇ. ಆದರೆ ಆ ವಿಶ್ರಾಂತಿಯನ್ನು ಎದ್ದು ನಿಂತೂ ಪಡೆಯಬಹುದು, ಅಷ್ಟರಲ್ಲಿ ಇನ್ನೊಬ್ಬರ ಒಂದು ಸೆಟ್ ಆಗಿರುತ್ತದೆ. "ಸರ್, ನೀವು ಸುಧಾರಿಸ್ಕೊಳ್ಳೋ ಹೊತ್ತಿಗೆ ನಾನೊಂದು ಸೆಟ್ ಮಾಡ್ಕೊಳ್ಲಾ?" ಎಂದು ಕೇಳುವುದರಲ್ಲಿ ಸಂಕೋಚವಿರಬಾರದು, ಹಾಗೆ ಕೇಳಿಸಿಕೊಂಡವರು ಮುಖ ಗಂಟಿಕ್ಕಲೂಬಾರದು.

ಈ ಮಾತು ಹಿರಿಯರ ವಿಷಯದಲ್ಲಿ ಇನ್ನಷ್ಟು ಮುಖ್ಯ. 65 ದಾಟಿದವರು ವಾರಕ್ಕೆ ಕನಿಷ್ಠ ಮೂರು ದಿನ ದೇಹದ ಸಮತೋಲನ ಮತ್ತು ಸ್ನಾಯುಬಲ ಹೆಚ್ಚಿಸುವ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಬಿದ್ದು ಮೂಳೆ ಮುರಿದುಕೊಳ್ಳುವ ಅಪಾಯ ತಗ್ಗಿಸುವುದು ಅದರ ಒಂದು ಉದ್ದೇಶ. ಓಪನ್ ಜಿಮ್‌ನ ಬಹುತೇಕ ಉಪಕರಣಗಳು ಪ್ರತ್ಯೇಕ ತೂಕವಿಲ್ಲದೆ ಬಳಸುವವರ ದೇಹದ ಭಾರದಿಂದಲೇ ಕೆಲಸ ಮಾಡುವುದರಿಂದ ವಯಸ್ಸಾದವರಿಗೆ ಅವು ಚೆನ್ನಾಗಿ ಒಗ್ಗುತ್ತವೆ. ಅಂಥವರು ಹಿಡಿಕೆ ಹಿಡಿದು ನಿಧಾನವಾಗಿ ಕಾಲಾಡಿಸುತ್ತಿರುವಾಗ ಹಿಂದೆ ನಿಂತು "ಬೇಗ ಮುಗ್ಸಿ ತಾತ" ಎಂದು ಅವಸರಪಡಿಸುವುದು ಕೇಳಲು ಬೇಸರ ತರಿಸುತ್ತದೆ.

ವ್ಯಾಯಾಮದ ಜಾಗದಲ್ಲಿ ಹೇಗಿರಬೇಕೆಂಬುದು ಮೈಸೂರಿಗೆ ಹೊಸದಾಗಿ ಹೇಳಿಕೊಡಬೇಕಾದ ವಿಷಯವಲ್ಲ. ದಸರಾ ಕುಸ್ತಿಗೆ ಪೈಲ್ವಾನರನ್ನು ತಯಾರು ಮಾಡುತ್ತ ಬಂದಿರುವ ನಮ್ಮ ಗರಡಿ ಮನೆಗಳಲ್ಲಿ ಚಪ್ಪಲಿ ಹೊರಗೆ ಬಿಟ್ಟು, ಆಂಜನೇಯನಿಗೆ ಕೈಮುಗಿದು, ಕುಸ್ತಿಯಾಡುವ ಮಟ್ಟಿಯ ಮಣ್ಣನ್ನು ಹಣೆಗೆ ಮುಟ್ಟಿಸಿಕೊಂಡ ಮೇಲೆಯೇ ಸಾಮು ಶುರು. ತಿರುಗಿಸಿದ ಗದೆ ಅದರ ಜಾಗಕ್ಕೆ ಹೋಗಬೇಕು. ಅಲ್ಲಿ ಇದನ್ನೆಲ್ಲ ನೋಡಿಕೊಳ್ಳಲು ಉಸ್ತಾದರಿದ್ದಾರೆ; ಉದ್ಯಾನದಲ್ಲಿ ಅಂಥವರು ಯಾರೂ ಇಲ್ಲವಾದ್ದರಿಂದ ಬಳಸುವ ನಾವೇ ಒಬ್ಬರಿಗೊಬ್ಬರು ಹೇಳಿಕೊಂಡು ನಡೆಯಬೇಕಾಗಿದೆ.

ಬೆವರಿನ ಮಾತನ್ನೂ ಹೇಳಲೇಬೇಕು. ಆಸನ, ಹಿಡಿಕೆಗಳ ಮೇಲೆ ಬೆವರು ಹಾಗೇ ಬಿಟ್ಟು ಏಳುವುದು ಅಸಹ್ಯವಷ್ಟೇ ಆಗಿದ್ದರೆ ಸಹಿಸಬಹುದಿತ್ತು, ಆದರೆ ಹುಳುಕಡ್ಡಿಯಂಥ ಚರ್ಮರೋಗಗಳು ಹಲವರು ಮುಟ್ಟುವ ವಸ್ತುಗಳಿಂದ, ಒಬ್ಬರದನ್ನೊಬ್ಬರು ಬಳಸುವ ಟವೆಲ್‌ಗಳಿಂದ ಹರಡುತ್ತವೆ. ಮನೆಯಿಂದ ಒಂದು ಚಿಕ್ಕ ಟವೆಲ್ ತಂದು, ಕುಳಿತ ಜಾಗ ಒರೆಸಿ ಎದ್ದರೆ ಸಾಕು. ಒಳಾಂಗಣದ ಸಾರ್ವಜನಿಕ ವ್ಯಾಯಾಮ ಶಾಲೆಗಳಲ್ಲಿ ಇದರ ಜೊತೆಗೆ ಭಾರ ಎತ್ತುವ ರಾಡ್ ಮತ್ತು ಅದರ ತುದಿಗಳಿಗೆ ಹಾಕುವ ತೂಕದ ಪ್ಲೇಟ್‌ಗಳ ಜವಾಬ್ದಾರಿಯೂ ಇದೆ. ಒಲಿಂಪಿಕ್ ಅಳತೆಯ ರಾಡ್ ಒಂದೇ 20 ಕೆ.ಜಿ. ತೂಗುತ್ತದೆ. ಅದಕ್ಕೆ ಪ್ಲೇಟ್ ಹೇರಿ ಸ್ಟ್ಯಾಂಡಿನ ಮೇಲೆ ಹಾಗೇ ಬಿಟ್ಟು ಹೋದರೆ, ನಂತರ ಬಂದವರು ಒಂದು ಬದಿಯ ಪ್ಲೇಟ್‌ಗಳನ್ನೆಲ್ಲ ಮೊದಲು ತೆಗೆದಾಗ ಇನ್ನೊಂದು ಬದಿಯ ಭಾರಕ್ಕೆ ರಾಡ್ ಮಗುಚಿ ಕಾಲಿನ ಮೇಲೆ ಬೀಳಬಹುದು. ಭಾರ ಹೇರಿದವರೇ ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪವಾಗಿ ಇಳಿಸಿಟ್ಟು ಹೋಗುವುದು ಸರಿಯಾದ ಕ್ರಮ.

ನನಗೆ ಎಲ್ಲಕ್ಕಿಂತ ನೋವು ತರುವುದು ಮಹಿಳೆಯರು ಕ್ರಮೇಣ ಈ ಜಾಗಗಳಿಂದ ದೂರವಾಗುತ್ತಿರುವುದು. ಚೂಡಿದಾರದಲ್ಲೋ ಸೀರೆಯಲ್ಲೋ ಬಂದು ಸಂಕೋಚದಿಂದಲೇ ಉಪಕರಣ ಹತ್ತುವವರ ಎದುರಿಗೆ ಬೆಂಚಿನಲ್ಲಿ ಕುಳಿತು ದಿಟ್ಟಿಸುವುದು, ಕೇಳದಿದ್ದರೂ ಹತ್ತಿರ ಹೋಗಿ "ಹೀಗಲ್ಲ, ಹಾಗೆ ಮಾಡಿ" ಎಂದು ತಿದ್ದುವುದು, ತಮ್ಮ ರೀಲ್ಸ್ ಚಿತ್ರೀಕರಣದಲ್ಲಿ ಹಿಂದಿರುವವರ ಮುಖವೂ ಸೇರುತ್ತಿದೆಯೆಂಬ ಪರಿವೆಯಿಲ್ಲದಿರುವುದು, ಇವೆಲ್ಲ ಸೇರಿ ಅವರನ್ನು ಮನೆಗೆ ಕಳಿಸುತ್ತಿವೆ. ಯಾರಿಗಾದರೂ ಪೆಟ್ಟಾಗುವಂತಿದ್ದರೆ ಎಚ್ಚರಿಸುವುದು ಬೇರೆ ಮಾತು. ಉಳಿದಂತೆ ಕೇಳಿದರಷ್ಟೇ ಸಲಹೆ ಕೊಡಬೇಕು. ಅನುಮತಿಯಿಲ್ಲದೆ ಇನ್ನೊಬ್ಬರು ಕಾಣುವಂತೆ ವಿಡಿಯೊ ಮಾಡಬಾರದು.

ಮಕ್ಕಳನ್ನು ಕರೆತರುವ ಪೋಷಕರಲ್ಲೂ ಒಂದು ವಿನಂತಿಯಿದೆ. ಏರ್ ವಾಕರ್ ಮೇಲೆ ದೊಡ್ಡವರು ನಿಂತು ಕಾಲು ಬೀಸುವಾಗ ಅದರ ಕಬ್ಬಿಣದ ತುಳಿಪಟ್ಟಿ ಮುಂದೆ ಹೋದಂತೆ ಮೇಲೇರುತ್ತದೆ, ಎದುರಿಗೆ ಓಡಿಬರುವ ಪುಟ್ಟ ಮಗುವಿನ ಮುಖಕ್ಕೆ ತಾಗಬಹುದು. ಈ ಉಪಕರಣಗಳು ಜೋಕಾಲಿಗಳಲ್ಲ.

ಉದ್ಯಾನಗಳನ್ನು ನೋಡಿಕೊಳ್ಳುವ ಸ್ಥಳೀಯ ಸಂಸ್ಥೆಗಳು ಉಪಕರಣಗಳ ಪಕ್ಕದಲ್ಲಿ ಉದ್ಘಾಟಕರ ಹೆಸರಿನ ಫಲಕದ ಜೊತೆಗೆ, ಬಳಸುವ ಕ್ರಮವನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ತಿಳಿಸುವ ಫಲಕವನ್ನೂ ಹಾಕಿಸಲಿ. ಜನಸಂದಣಿಯ ಹೊತ್ತಿನಲ್ಲಿ ಒಬ್ಬರು ಒಂದು ಉಪಕರಣವನ್ನು ಐದು ನಿಮಿಷಕ್ಕಿಂತ ಹೆಚ್ಚು ಬಳಸಬಾರದು, ಕಾಯುವವರಿದ್ದರೆ ಆಸನ ಬಿಟ್ಟುಕೊಡಬೇಕು ಎಂಬ ಎರಡು ಸಾಲುಗಳಾದರೂ ಅದರಲ್ಲಿರಲಿ. ಬೇರಿಂಗ್ ಸವೆದು ಕಿರುಗುಟ್ಟುವ, ನಟ್ಟು ಸಡಿಲಗೊಂಡ ಉಪಕರಣಗಳ ಬಗ್ಗೆ ದೂರು ಕೊಡಲು ಒಂದು ದೂರವಾಣಿ ಸಂಖ್ಯೆಯನ್ನೂ ಅಲ್ಲೇ ಬರೆಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿತ್ಯದ ಓದುಗ, ಮೈಸೂರು