ಎಮ್ಮೆ, ಕರುವಿನದ್ದು ಪ್ರಾಣ ಅಲ್ವಾ?

ಮಾನ್ಯ ಸಂಪಾದಕರೇ,

ಹರಿಹರದ ಗಂಗಾನಗರಕ್ಕೆ ಹೊಳೆ ನೀರು ನುಗ್ಗಿದ ಸುದ್ದಿ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಕೊನೆ ಸಾಲಿನಲ್ಲಿ ‘ಯಾವುದೇ ಪ್ರಾಣಹಾನಿ ಆಗಿಲ್ಲ’ ಅಂತ ಇತ್ತು. ನಮ್ಮ ಹಿಂದಿನ ಮನೆ ಅಜ್ಜಿಯ ಎಮ್ಮೆ, ಕರು ಎರಡೂ ಕೊಚ್ಚಿಕೊಂಡು ಹೋಗಿವೆ. ಅವುಗಳದ್ದು ಪ್ರಾಣ ಅಲ್ವಾ?

ಅವತ್ತು ಸಂಜೆ ಮೈಕಿನ ಆಟೊ ಬಂತು. ಗಾಜನೂರಿನ ತುಂಗಾ ಡ್ಯಾಮಿನ ಗೇಟ್ ತೆಗೆದಿದ್ದಾರೆ, ಮನೆ ಬಿಟ್ಟು ಕಾಳಜಿ ಕೇಂದ್ರಕ್ಕೆ ಹೋಗಿ ಅಂತ ಕೂಗಿಕೊಂಡು ಹೋಯಿತು. ದನಕರು ಎಲ್ಲಿಗೆ ಹೊಡೆಯಬೇಕು ಅಂತ ಹೇಳಲೇ ಇಲ್ಲ. ನಾನು ಹಸುವಿನ ಹಗ್ಗ ಹಿಡಿದು, ತಲೆ ಮೇಲೆ ಗೊಬ್ಬರದ ಚೀಲ ಹೊದ್ದು ಅಲ್ಲಿಗೆ ಹೋದೆ. ಗೇಟಿನಲ್ಲೇ ತಡೆದರು. ‘ದನ ಒಳಗೆ ಬಿಡಲ್ಲ ಯಜಮಾನ್ರೇ, ಗಲೀಜು ಮಾಡ್ತಾವೆ’ ಅಂದರು. ರಾತ್ರಿಯೆಲ್ಲಾ ಕಾಂಪೌಂಡಿನ ಹೊರಗೆ ಮಳೆಯಲ್ಲಿ ನಿಂತೆ. ನನಗೆ ಜ್ವರ ಇನ್ನೂ ಬಿಟ್ಟಿಲ್ಲ. ಹಸು ಹಾಲು ಕಡಿಮೆ ಮಾಡಿದೆ. ಮೇವೆಲ್ಲಾ ನೀರು ಪಾಲು. ದಿನಾ ಹಾಲು ತಗೊಳ್ಳುವ ಮನೆಯವರಿಗೆ ಏನು ಹೇಳಲಿ?

ಅಜ್ಜಿ ಮಾತ್ರ ಎಮ್ಮೆ ಬಿಟ್ಟು ಬರಲ್ಲ ಅಂತ ಕೊಟ್ಟಿಗೆಯಲ್ಲೇ ಕೂತಿದ್ದರು. ರಾತ್ರಿ ದೋಣಿ ಬಂತು. ಕರುವನ್ನಾದರೂ ಹಾಕಿಕೊಳ್ಳಿ ಅಂತ ಕೈ ಮುಗಿದರಂತೆ. ‘ಜನರಿಗೆ ಮಾತ್ರ, ಆರ್ಡರ್ ಇಲ್ಲ’ ಅಂದರು. ಅಜ್ಜಿಯೇ ಕಣ್ಣಿ ಬಿಚ್ಚಿದರು. ಎಮ್ಮೆ ದೋಣಿ ಹಿಂದೆಯೇ ಈಜಿಕೊಂಡು ಬಂತು. ಕರು ಸೆಳವಿಗೆ ಸಿಕ್ಕಿತು. ಎಮ್ಮೆ ತಿರುಗಿ ಅದರ ಹಿಂದೆ ಹೋಯಿತು.

ಈಗ ಪರಿಹಾರಕ್ಕೆ ಅರ್ಜಿ ಕೊಡಿ ಅನ್ನುತ್ತಾರೆ. ಹಾಲು ಕರೆಯುವ ಎಮ್ಮೆ ಸತ್ತರೆ 37,500 ರೂಪಾಯಿ, ಕುರಿಯಾದರೆ 4,000. ಆದರೆ ಸತ್ತದ್ದಕ್ಕೆ ಪಶುವೈದ್ಯರ ದೃಢೀಕರಣ ಬೇಕಂತೆ. ಹೊಳೆ ಪಾಲಾದ ಎಮ್ಮೆಯ ಹೆಣವನ್ನು ಅಜ್ಜಿ ಎಲ್ಲಿಂದ ತರಬೇಕು? ಸತ್ತ ಮೇಲೆ ಕೊಡುವ ದುಡ್ಡು ಬದುಕಿದ್ದಾಗ ಒಂದು ದೋಣಿಗೆ ಇರಲ್ವಾ? 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಇದೆ, ಸರಿ. ಅದು ಚಿಕಿತ್ಸೆಗೆ. ನೀರಿನಿಂದ ಎತ್ತುವವರು ಯಾರು?

2022ರಲ್ಲಿ ಉಕ್ರೇನ್ ಯುದ್ಧದ ನಡುವೆ ನಮ್ಮ ವಿದ್ಯಾರ್ಥಿಗಳು ತಾವು ಸಾಕಿದ ನಾಯಿ, ಬೆಕ್ಕನ್ನೂ ಕರೆದುಕೊಂಡು ಬಂದರು. ಸರ್ಕಾರ ಅದಕ್ಕಾಗಿ ನಿಯಮ ಸಡಿಲಿಸಿತು. ಬಾಂಬ್ ಬೀಳುವ ಊರಿನಿಂದ ನಾಯಿ ತರಬಹುದು, ಗಂಗಾನಗರದಿಂದ ಕರು ತರಲು ಆರ್ಡರ್ ಇಲ್ಲ! ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದಲ್ಲಿ ಸಾಕುಪ್ರಾಣಿ ಬಿಟ್ಟು ಬರಲ್ಲ ಅಂತ ಎಷ್ಟೋ ಜನ ಮನೆಯಲ್ಲೇ ಉಳಿದರು. ಮರುವರ್ಷವೇ ಅವುಗಳನ್ನೂ ಸ್ಥಳಾಂತರ ಯೋಜನೆಗೆ ಸೇರಿಸುವ ಕಾನೂನು ಬಂತು. ನಮ್ಮ ಅಜ್ಜಿಯೂ ಹಾಗೇ ಕೂತಿದ್ದರಲ್ವಾ?

ಇದು ಇವತ್ತಿನ ಕಥೆ ಅಲ್ಲ. ಚಳ್ಳಕೆರೆ ಕಡೆ ನಮ್ಮ ಅಕ್ಕನ ಊರಿದೆ. ಬರ ಬಂದಾಗ ಅಲ್ಲಿ ಗೋಶಾಲೆ ತೆರೆದದ್ದು ಜನ ಎತ್ತುಗಳನ್ನು ಸಂತೆಯಲ್ಲಿ ಮಾರಿದ ಮೇಲೆ. ನಮ್ಮ ಬೀದಿ ಚರಂಡಿಯ ಹೂಳು ತೆಗೆಯಿರಿ ಅಂತ ನಾನೇ ಮೂರು ಅರ್ಜಿ ಕೊಟ್ಟಿದ್ದೇನೆ. ಪ್ರತಿ ಮಳೆಗಾಲ ಸಾಹೇಬರು ಬರುತ್ತಾರೆ, ಹೊಳೆ ದಂಡೆಯಲ್ಲಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಸುಮ್ನೆ ಜೀಪಿನ ಡೀಸೆಲ್ ದಂಡ.

ದನಕರುಗಳಿಗೂ ದೋಣಿ, ಹಗ್ಗ, ಈಜು ಬಲ್ಲ ಆಳುಗಳು ಬೇಕು. ಕಾಳಜಿ ಕೇಂದ್ರದ ಪಕ್ಕದಲ್ಲೇ ಶೆಡ್ಡು, ಮೇವು ಬೇಕು. ಚರಂಡಿಯನ್ನೂ ಮಾಡಿಸಲಿ. ಅದೆಲ್ಲಾ ಆಮೇಲೆ. ಆರ್ಡರ್ ಇಲ್ಲ ಅಂದವರು ಮೊದಲು ಅಜ್ಜಿಯ ಮನೆಗೆ ಬರಲಿ. ಆ ಖಾಲಿ ಕೊಟ್ಟಿಗೆಯಲ್ಲಿ ನಿಂತು, ಪ್ರಾಣಹಾನಿ ಆಗಿಲ್ಲ ಅಂತ ಅಜ್ಜಿಗೆ ಹೇಳಲಿ.

– ನೊಂದ ಓದುಗ, ಗಂಗಾನಗರ, ಹರಿಹರ